ಬಿಸಿಲು ಬೇಕಾದಷ್ಟಿದೆ, ಗೀಸರ್ ಬಿಡಬೇಕು ಅಂತಿದ್ದೇವೆ: ಟ್ಯೂಬ್ ಸೋಲಾರಾ, ಪ್ಲೇಟಾ, ಹೀಟ್ ಪಂಪಾ?

ಹಂಚಿನಮನೆ
ಎಲ್ಲರಿಗೂ ನಮಸ್ಕಾರ. ನಮ್ಮದು ಹಳ್ಳಿ ಮನೆ, ಹಂಚಿನ ಮಾಡು. ಐದು ಜನ ಇದ್ದೇವೆ. ಇಬ್ಬರು ವಯಸ್ಸಾದವರು, ಒಂದು ಪುಟ್ಟ ಮಗು. ಈಗ 25 ಲೀಟರಿನ ಗೀಸರ್ ಇದೆ, 2 ಕಿಲೋವ್ಯಾಟ್‌ನದು. ಕರೆಂಟ್ ಕೈಕೊಟ್ಟ ದಿನ ಹಿತ್ತಲಲ್ಲಿ ಸೌದೆ ಒಲೆ. ಅಮ್ಮನಿಗೆ ಹೊಗೆ ಆಗುವುದಿಲ್ಲ, ಆದರೂ ಎಲ್ಲರಿಗಿಂತ ಮೊದಲು ಎದ್ದು ಒಲೆ ಹಚ್ಚುವವರು ಅವರೇ. ಕೆಮ್ಮುತ್ತಾ ಊದುವುದನ್ನು ನೋಡಿ ನೋಡಿ ಸಾಕಾಗಿದೆ.

ವರ್ಷದ ಮುಕ್ಕಾಲು ಪಾಲು ಇಲ್ಲಿ ಸುಡುಬಿಸಿಲು. ಇಷ್ಟು ಬಿಸಿಲು ಇಟ್ಟುಕೊಂಡು ಕರೆಂಟ್ ಯಾಕೆ ಉರಿಸಬೇಕು, ಸೌದೆ ಯಾಕೆ ಉರಿಸಬೇಕು? ವಿಚಾರಿಸಿದರೆ ಒಬ್ಬರು ಟ್ಯೂಬ್ ಸೋಲಾರ್ (ಟ್ಯಾಂಕಿಗೆ ಸಾಲಾಗಿ ಗಾಜಿನ ಕೊಳವೆ ಜೋಡಿಸಿದ್ದು) ಅಂತಾರೆ, ಇನ್ನೊಬ್ಬರು ಪ್ಲೇಟ್, ಮೂರನೆಯವರು ಹೀಟ್ ಪಂಪ್. ಮಾರಲು ಬಂದವರೊಬ್ಬರು 300 ಲೀಟರ್‌ಗಿಂತ ಕಡಿಮೆ ಹಾಕಿಸಿದರೆ ಸಾಲುವುದೇ ಇಲ್ಲ ಅಂದರು. ಬೋರ್‌ವೆಲ್ ನೀರು, ಟಿಡಿಎಸ್ ಮೀಟರ್ 900 ತೋರಿಸುತ್ತದೆ. ಸಂಜೆ ಹೊತ್ತು ವೋಲ್ಟೇಜ್ ಕುಸಿಯುತ್ತದೆ. ಬಳಸಿ ನೋಡಿದವರು ದಯವಿಟ್ಟು ಹೇಳಿ.

ಹೊಸಬ_88
ಟ್ಯೂಬ್ ಹಾಕಿಸಿ, ಬೇರೆ ಯೋಚನೆ ಬೇಡ. ನಮ್ಮನೆಯಲ್ಲಿ ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಕೈ ಸುಡುತ್ತದೆ.

ತಾರಸಿ_ತಾತ
ನಾನು 17 ವರ್ಷದಿಂದ ಪ್ಲೇಟ್ ಮಾದರಿ ಬಳಸುತ್ತಿದ್ದೇನೆ. ಕಪ್ಪು ತಗಡು, ಅದಕ್ಕೆ ಅಂಟಿದ ತಾಮ್ರದ ಕೊಳವೆ, ಮೇಲೆ ದಪ್ಪ ಗಾಜು, ಅಷ್ಟೇ. ಒಂದು ಸಲ ಗಾಜಿನ ಸುತ್ತಲಿನ ರಬ್ಬರ್ ಬದಲಾಯಿಸಿದ್ದು ಬಿಟ್ಟರೆ ದೊಡ್ಡ ಖರ್ಚು ಬಂದಿಲ್ಲ. ಪಕ್ಕದ ಮನೆಯವರ ಟ್ಯೂಬ್ ಸೋಲಾರ್‌ನಲ್ಲಿ ಇಷ್ಟರಲ್ಲಿ ಆರು ಟ್ಯೂಬ್ ಒಡೆದಿವೆ. ಒಂದು ಒಡೆದರೂ ಟ್ಯಾಂಕಿನ ನೀರು ಅದರಿಂದಲೇ ಸೋರಿ ಖಾಲಿ. ಬಾಳಿಕೆ ಬೇಕಾದರೆ ಪ್ಲೇಟೇ.

ಪಾನಾ_ಪಕ್ಕಡ್
ತಾತ, ನಿಮ್ಮ ಮನೆ ನೀರು ಯಾವುದು ಹೇಳಿ. ಕೆರೆ ನೀರೋ, ಬೋರ್ ನೀರೋ?

ತಾರಸಿ_ತಾತ
ಬಾವಿ ನೀರು. ಸಿಹಿ ನೀರು, ಸೋಪು ಹಚ್ಚಿದರೆ ಚೆನ್ನಾಗಿ ನೊರೆ ಬರುತ್ತದೆ.

ಪಾನಾ_ಪಕ್ಕಡ್
ಅದೇ ಗುಟ್ಟು. 20 ವರ್ಷದಿಂದ ಪೈಪಿನ ಕೆಲಸ ಮಾಡುತ್ತಿದ್ದೇನೆ, ಅದಕ್ಕೇ ಮೊದಲು ನೀರು ಕೇಳಿದೆ. ಪ್ಲೇಟ್ ಒಳಗಿನ ತಾಮ್ರದ ಕೊಳವೆ ಬೆರಳಿಗಿಂತ ಸಣ್ಣ. ಗಡಸು ನೀರು ಬಿಸಿಯಾದಾಗ ಸುಣ್ಣ ಬಿಡುತ್ತದೆ, ಅದರಲ್ಲೂ 60 ಡಿಗ್ರಿ ದಾಟಿದರೆ ಬೇಗ ಬಿಡುತ್ತದೆ. ಎರಡು ಮೂರು ವರ್ಷಕ್ಕೇ ಕೊಳವೆ ಕಟ್ಟಿಹೋದ ಪ್ಲೇಟುಗಳನ್ನು ನಾನೇ ಬಿಚ್ಚಿದ್ದೇನೆ. ಒಳಗೆ ಬಿಳಿ ಕಲ್ಲು, ಕಡ್ಡಿ ಹಾಕಿದರೂ ಹೋಗುವುದಿಲ್ಲ. ಟ್ಯೂಬ್ ಆದರೆ ಬಾಯಿ ಅಗಲ. ಸುಣ್ಣ ಕೂತರೂ ಕೆಳಗೆ ಕೂರುತ್ತದೆ, ವರ್ಷಕ್ಕೊಮ್ಮೆ ಬಿಚ್ಚಿ ತೊಳೆಯಬಹುದು.

ಪ್ಲೇಟೇ ಬೇಕು ಅಂದರೆ ಹೀಟ್ ಎಕ್ಸ್‌ಚೇಂಜರ್ ಇರುವುದನ್ನು ಹಾಕಿಸಬೇಕು. ಅದರಲ್ಲಿ ಪ್ಲೇಟ್ ಒಳಗೆ ಒಳ್ಳೆಯ ನೀರು ಮಾತ್ರ ಸುತ್ತುತ್ತದೆ. ಅದು ತನ್ನ ಬಿಸಿಯನ್ನು ಟ್ಯಾಂಕಿನ ನೀರಿಗೆ ಕೊಡುತ್ತದೆ, ಎರಡು ನೀರು ಬೆರೆಯುವುದಿಲ್ಲ. ಖರ್ಚು ಜಾಸ್ತಿ, ಆದರೆ ಪ್ಲೇಟ್ ಉಳಿಯುತ್ತದೆ.

ಲೆಕ್ಕದ_ಟೀಚರ್
ಒಂದು ತಿದ್ದುಪಡಿ. ಟಿಡಿಎಸ್ 900 ಅಂದ ಮಾತ್ರಕ್ಕೆ ಗಡಸುತನ ಎಷ್ಟು ಅಂತ ಗೊತ್ತಾಗುವುದಿಲ್ಲ. ನೀರಲ್ಲಿ ಕರಗಿದ ಎಲ್ಲದರ ಒಟ್ಟು ಅಂದಾಜು ಟಿಡಿಎಸ್, ಉಪ್ಪು ಕೂಡ ಅದರಲ್ಲಿ ಬಂತು. ಗಡಸುತನ ಅಂದರೆ ಮುಖ್ಯವಾಗಿ ಕ್ಯಾಲ್ಸಿಯಂ, ಮೆಗ್ನೀಸಿಯಂ. ಹನಿ ಹಾಕಿ ಬಣ್ಣ ನೋಡುವ ಕಿಟ್ ಸಿಗುತ್ತದೆ, ಹತ್ತು ನಿಮಿಷದ ಕೆಲಸ. ಲೀಟರಿಗೆ 180 ಮಿಲಿಗ್ರಾಂ ದಾಟಿದರೆ ತುಂಬಾ ಗಡಸು ಅಂತ ಲೆಕ್ಕ.

ಉಪ್ಪಿನಂಶವನ್ನೂ ನೋಡಿಸಿ. ಕ್ಲೋರೈಡ್ ಜಾಸ್ತಿ ಇದ್ದರೆ ಸ್ಟೀಲ್ ಟ್ಯಾಂಕಿಗೂ ಸಣ್ಣ ಸಣ್ಣ ತೂತು ಬೀಳುತ್ತದೆ. 304 ದರ್ಜೆಯ ಸ್ಟೀಲಿಗಿಂತ 316 ದರ್ಜೆಯದು ಇದನ್ನು ಚೆನ್ನಾಗಿ ತಡೆಯುತ್ತದೆ. ಎನಾಮೆಲ್ ಟ್ಯಾಂಕ್ ಆದರೆ ಒಳಗೆ ಮೆಗ್ನೀಸಿಯಂ ಕಡ್ಡಿ ಇರುತ್ತದೆ. ಟ್ಯಾಂಕಿನ ಬದಲು ಅದು ಸವೆಯುತ್ತದೆ. ಸವೆದ ಮೇಲೆ ಬದಲಾಯಿಸಬೇಕು, ಅದನ್ನೇ ಎಲ್ಲರೂ ಮರೆಯುತ್ತಾರೆ.

ಗಾಳಿಯಿಂದ_ಬಿಸಿ
ಇಷ್ಟೆಲ್ಲ ರಾಮಾಯಣ ಬೇಡ ಅಂತಲೇ ನಾನು ಹೀಟ್ ಪಂಪ್ ಹಾಕಿಸಿದೆ. ಫ್ರಿಡ್ಜ್ ಒಳಗಿನ ಬಿಸಿಯನ್ನು ಎಳೆದು ಹೊರಗೆ ಬಿಡುತ್ತದೆ ಅಲ್ವಾ, ಇದು ಹೊರಗಿನ ಗಾಳಿಯ ಬಿಸಿಯನ್ನು ಎಳೆದು ನೀರಿಗೆ ಕೊಡುತ್ತದೆ. ಗೀಸರ್ 3 ಯೂನಿಟ್ ತಿನ್ನುವ ಕೆಲಸಕ್ಕೆ ಇದಕ್ಕೆ 1 ಯೂನಿಟ್ ಸುಮಾರು ಸಾಕು. ಗಾಳಿ ಬೆಚ್ಚಗಿದ್ದಷ್ಟೂ ಅದಕ್ಕೆ ಸುಲಭ, ಹಾಗಾಗಿ ಬಿಸಿಲಿನ ಊರಿಗೆ ಹೇಳಿ ಮಾಡಿಸಿದ ಹಾಗಿದೆ. ಮೋಡ ಇರಲಿ, ಮಳೆ ಇರಲಿ, ಬಿಸಿನೀರು ಬಂದೇ ಬರುತ್ತದೆ. ಮಾಡಿನ ಮೇಲೆ ಭಾರವೂ ಇಲ್ಲ.

ಪಾನಾ_ಪಕ್ಕಡ್
ಕರೆಂಟ್ ಇದ್ದರೆ ಬರುತ್ತದೆ. ಅವರೇ ಬರೆದಿದ್ದಾರಲ್ಲ ಸಾರ್, ವೋಲ್ಟೇಜ್ ಕುಸಿಯುತ್ತದೆ ಅಂತ. ಗೀಸರಿಗೆ ವೋಲ್ಟೇಜ್ ಕಮ್ಮಿಯಾದರೆ ನೀರು ನಿಧಾನ ಕಾಯುತ್ತದೆ, ಅಷ್ಟೇ. ಹೀಟ್ ಪಂಪಿನಲ್ಲಿ ಕಂಪ್ರೆಸರ್ ಇದೆ. ಅದು ಒದ್ದಾಡಿ ನಿಲ್ಲುತ್ತದೆ, ಇಲ್ಲವೇ ಸುಟ್ಟುಹೋಗುತ್ತದೆ. ಹಳ್ಳಿಯಲ್ಲಿ ಅದನ್ನು ರಿಪೇರಿ ಮಾಡುವವರು ಎಲ್ಲಿ ಸಿಗುತ್ತಾರೆ? ಟ್ಯೂಬ್ ಒಡೆದರೆ ನಾನೇ ಅರ್ಧ ಗಂಟೆಯಲ್ಲಿ ಬದಲಾಯಿಸಿ ಬರುತ್ತೇನೆ.

ಗಾಳಿಯಿಂದ_ಬಿಸಿ
ಸಂಜೆ ಕುಸಿದರೆ ಸಂಜೆ ಓಡಿಸಬೇಡಿ. ಟೈಮರ್ ಹಾಕಿ ಮಧ್ಯಾಹ್ನ ಓಡಿಸಿ. ಆಗ ಗಾಳಿಯೂ ಬಿಸಿ, ವೋಲ್ಟೇಜೂ ಸರಿ ಇರುತ್ತದೆ. ಟ್ಯಾಂಕಿಗೆ ಒಳ್ಳೆಯ ಹೊದಿಕೆ ಇರುವುದರಿಂದ ಬೆಳಗ್ಗೆವರೆಗೆ ಬಿಸಿ ನಿಲ್ಲುತ್ತದೆ. ರಿಪೇರಿ ಮಾತು ಒಪ್ಪುತ್ತೇನೆ, ಅದು ನಿಜ. ಇನ್ನೊಂದು ವಿಷಯ, ಮಲಗುವ ಕೋಣೆ ಗೋಡೆಗೆ ಇಡಬೇಡಿ, ಸದ್ದು ಇರುತ್ತದೆ. ಗಾಳಿ ಆಡುವ ಜಾಗ ಬೇಕು, ತೊಟ್ಟಿಕ್ಕುವ ನೀರು ಹೋಗಲು ಒಂದು ಪೈಪೂ ಬೇಕು.

ಲೆಕ್ಕದ_ಟೀಚರ್
ಹಂಚಿನಮನೆಯವರೇ, ಯಾವ ಯಂತ್ರ ಅನ್ನುವ ಮುಂಚೆ ನಿಮಗೆ ಎಷ್ಟು ಬಿಸಿ ಬೇಕು ಅಂತ ನೋಡೋಣ. 1 ಲೀಟರ್ ನೀರನ್ನು 1 ಡಿಗ್ರಿ ಏರಿಸಲು 1.163 ವ್ಯಾಟ್-ಗಂಟೆ ಬೇಕು. ಐದು ಜನ, ತಲೆಗೆ 25 ಲೀಟರ್ ಅಂದರೆ 125 ಲೀಟರ್. ತಣ್ಣೀರು 24 ಡಿಗ್ರಿ ಇದೆ, ಸ್ನಾನಕ್ಕೆ 40 ಡಿಗ್ರಿ ಸಾಕು ಅಂದುಕೊಳ್ಳಿ. 125ನ್ನು 16ರಿಂದ ಗುಣಿಸಿ, 1.163ರಿಂದ ಗುಣಿಸಿ. ಹತ್ತಿರ ಹತ್ತಿರ 2,300 ವ್ಯಾಟ್-ಗಂಟೆ, ಅಂದರೆ 2.3 ಯೂನಿಟ್ ಬರುತ್ತದೆ. ನಿಮ್ಮ ಮನೆ ಸ್ನಾನಕ್ಕೆ ಬೇಕಾದ ಶಾಖ ದಿನಕ್ಕೆ ಇಷ್ಟೇ.

ಈಗ ನೀವು ದಿನಕ್ಕೆ ಎಷ್ಟು ಯೂನಿಟ್ ಖರ್ಚು ಮಾಡುತ್ತಿದ್ದೀರಿ?

ಹಂಚಿನಮನೆ
ಮೇಡಂ, ಬೆಳಗ್ಗೆ ಎರಡೂವರೆ ಗಂಟೆ ಗೀಸರ್ ಆನ್ ಇರುತ್ತದೆ. 2 ಕಿಲೋವ್ಯಾಟ್ ಅಂದರೆ 5 ಯೂನಿಟ್ ಅಲ್ವಾ?

ಶೂನ್ಯ_ಬಿಲ್
ಅಲ್ಲ. ನೀರು ಕಾದ ಮೇಲೆ ಥರ್ಮೋಸ್ಟಾಟ್ ಕಟ್ ಮಾಡುತ್ತದೆ. ಕೆಂಪು ದೀಪ ಉರಿಯುತ್ತಿದ್ದಷ್ಟು ಹೊತ್ತು ಮಾತ್ರ ಲೆಕ್ಕ. ಬೇರೆ ಸ್ವಿಚ್ ಎಲ್ಲ ಆರಿಸಿ ಮೀಟರ್ ನೋಡಿ, ಮೂರು ದಿನ ಬರೆದಿಡಿ.

ಸೌದೆ_ಸಾಕು
ಹೊಗೆ ವಿಷಯ ಓದಿ ಬರೆಯುತ್ತಿದ್ದೇನೆ. ನಮ್ಮ ಅತ್ತೆ 40 ವರ್ಷ ಹೀಗೇ ಒಲೆ ಊದಿದರು. ಈಗ ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಹೊಗೆ ಶ್ವಾಸಕೋಶಕ್ಕೆ ಮಾಡುವ ಹಾನಿ ಆಮೇಲೆ ಸರಿಹೋಗುವುದಿಲ್ಲ ಅಂತ ಡಾಕ್ಟರ್ ಹೇಳಿದರು. ದಯವಿಟ್ಟು ತಡ ಮಾಡಬೇಡಿ. ಟ್ಯೂಬೋ ಪ್ಲೇಟೋ ಯಾವುದಾದರೂ ಸರಿ, ಮೊದಲು ಅಮ್ಮನನ್ನು ಆ ಒಲೆ ಮುಂದಿನಿಂದ ಏಳಿಸಿ.

ತಾರಸಿ_ತಾತ
ಈ ತಾಯಿ ಹೇಳಿದ್ದು ಸರಿ. ಸೌದೆ ಪುಕ್ಕಟೆ ಅಂತಾರೆ. ಕಡಿದು, ಹೊತ್ತು, ಒಣಗಿಸಿ, ಊದುವ ಮೈಯ ಕೆಲಸ ಯಾರೂ ಎಣಿಸುವುದಿಲ್ಲ.

ಶೂನ್ಯ_ಬಿಲ್
ನನ್ನದು ಬೇರೆ ದಾರಿ. ಕರೆಂಟ್ ಮಾಡುವ ಸೋಲಾರ್ ಪ್ಯಾನೆಲ್ ಹಾಕಿ. 1 ಕಿಲೋವ್ಯಾಟ್ ಪ್ಯಾನೆಲ್ ಒಳ್ಳೆಯ ಬಿಸಿಲಲ್ಲಿ ದಿನಕ್ಕೆ 4 ಯೂನಿಟ್ ಕೊಡುತ್ತದೆ. ಅದನ್ನು ಗೀಸರಿಗೆ ಬಿಡಿ. ಮೇಲೆ ನೀರಿನ ಪೈಪಿಲ್ಲ, ಸೋರುವುದಿಲ್ಲ, ಪ್ಯಾನೆಲ್‌ಗೆ ಸುಣ್ಣ ಕಟ್ಟುವುದಿಲ್ಲ. ನೀವು ಊರಲ್ಲಿ ಇಲ್ಲದ ದಿನ ಫ್ಯಾನು, ದೀಪ, ಪಂಪಿಗೆ ಹೋಗುತ್ತದೆ. ನೀರಿನ ಸೋಲಾರ್ ನೀರು ಮಾತ್ರ ಕಾಯಿಸುತ್ತದೆ.

ಲೆಕ್ಕದ_ಟೀಚರ್
ಜಾಗದ ಲೆಕ್ಕ ಮಾಡಿ ನೋಡಿ. 1 ಕಿಲೋವ್ಯಾಟ್ ಪ್ಯಾನೆಲ್‌ಗೆ ಸುಮಾರು 5 ಚದರ ಮೀಟರ್ ಬೇಕು. ಬಿದ್ದ ಬಿಸಿಲಿನಲ್ಲಿ ಐದನೇ ಒಂದು ಪಾಲು ಕರೆಂಟ್ ಆಗುತ್ತದೆ. ನೀರು ಕಾಯಿಸುವ ಪ್ಲೇಟು ಅರ್ಧದಷ್ಟನ್ನು ಹಿಡಿಯುತ್ತದೆ. ಒಳ್ಳೆಯ ದಿನ ಒಂದು ಚದರ ಮೀಟರಿಗೆ 5 ಯೂನಿಟ್ ಬಿಸಿಲು ಬೀಳುತ್ತದೆ. 2 ಚದರ ಮೀಟರ್ ಪ್ಲೇಟಿಗೆ 10 ಯೂನಿಟ್, ಅದರಲ್ಲಿ 5 ನೀರಿಗೆ ಸೇರಿತು. 100 ಲೀಟರ್ ನೀರು 24ರಿಂದ 65 ಡಿಗ್ರಿ ದಾಟುತ್ತದೆ. ಬರೀ ಬಿಸಿನೀರೇ ಬೇಕು ಅಂದರೆ ಇದಕ್ಕಿಂತ ನೇರವಾದ ದಾರಿ ಇಲ್ಲ.

ಶೂನ್ಯ_ಬಿಲ್
ಜಾಗದ ಮಾತು ಒಪ್ಪಿದೆ. ಹಳ್ಳಿಯಲ್ಲಿ ಜಾಗಕ್ಕೆ ಬರ ಇಲ್ಲ ಅನ್ನುವುದು ನನ್ನ ವಾದ. ಆ ಪ್ಯಾನೆಲ್‌ಗೆ ಹೀಟ್ ಪಂಪ್ ಸೇರಿಸಿದರೆ ಅದೇ ಬಿಸಿಲಿಗೆ ಮೂರು ಪಟ್ಟು ಬಿಸಿನೀರು.

ಪಾನಾ_ಪಕ್ಕಡ್
ಮೂರು ಪಟ್ಟು ಖರ್ಚೂ ಸೇರಿಸಿ ಹೇಳಿ ಅಣ್ಣ.

ಹಂಚಿನಮನೆ
ಮೂರು ದಿನ ಮೀಟರ್ ನೋಡಿದೆ. ದಿನಕ್ಕೆ ಸರಾಸರಿ 3.8 ಯೂನಿಟ್. 5 ಅಲ್ಲ, ಆದರೆ ಟೀಚರ್ ಹೇಳಿದ 2.3 ಕೂಡ ಅಲ್ಲ. ಉಳಿದ ಒಂದೂವರೆ ಯೂನಿಟ್ ಎಲ್ಲಿಗೆ ಹೋಗುತ್ತಿದೆ?

ಲೆಕ್ಕದ_ಟೀಚರ್
ಅಳೆದು ಬಂದಿರಲ್ಲ, ತುಂಬಾ ಖುಷಿ ಆಯಿತು. ಗೀಸರಿನಿಂದ ಬಚ್ಚಲಿಗೆ ಪೈಪ್ ಎಷ್ಟು ಉದ್ದ? ಒಳಗಿನ ಅಗಲ ಎಷ್ಟು?

ಹಂಚಿನಮನೆ
ಗೀಸರ್ ಅಡುಗೆಮನೆ ಹಿಂದೆ ಇದೆ, ಬಚ್ಚಲು ಮನೆಯ ಇನ್ನೊಂದು ತುದಿ. ಟೇಪ್ ಹಿಡಿದೆ, 14 ಮೀಟರ್. ಒಳ ಅಗಲ 20 ಮಿಲಿಮೀಟರ್. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಸ್ನಾನ ಮಾಡುತ್ತಾರೆ.

ಲೆಕ್ಕದ_ಟೀಚರ್
ಸಿಕ್ಕಿತು ನೋಡಿ. 20 ಮಿಲಿಮೀಟರ್ ಪೈಪಿನಲ್ಲಿ ಮೀಟರಿಗೆ 314 ಮಿಲಿಲೀಟರ್ ನೀರು ಹಿಡಿಯುತ್ತದೆ. 14 ಮೀಟರಿಗೆ 4.4 ಲೀಟರ್. ಪ್ರತಿ ಸ್ನಾನಕ್ಕೂ ಮೊದಲು ಅಷ್ಟು ತಣ್ಣೀರು ಚೆಲ್ಲುತ್ತೀರಿ. ಸ್ನಾನ ಮುಗಿದ ಮೇಲೆ ಅಷ್ಟೇ ಬಿಸಿನೀರು ಪೈಪಿನಲ್ಲಿ ಸುಮ್ನೆ ಆರಿಹೋಗುತ್ತದೆ. ಐದು ಜನಕ್ಕೆ 22 ಲೀಟರ್, 60 ಡಿಗ್ರಿಯದ್ದು. ಅಲ್ಲಿಗೆ 0.9 ಯೂನಿಟ್ ಹೋಯಿತು. ಕೊನೆಯವರ ಸ್ನಾನ ಆದ ಮೇಲೆ ಗೀಸರಿನಲ್ಲಿ ಉಳಿದ ಬಿಸಿನೀರೂ ರಾತ್ರಿಯೊಳಗೆ ತಣಿಯುತ್ತದೆ. ಮಿಕ್ಕಿದ್ದು ಅದು.

ನೀವು ಎಷ್ಟೇ ಒಳ್ಳೆಯ ಸೋಲಾರ್ ತಂದರೂ ಈ 14 ಮೀಟರ್ ಹಾಗೇ ಇದ್ದರೆ ಇದೇ ಕತೆ. ಮಾಡಿನ ಮೇಲೆ ಇಟ್ಟರೆ ಪೈಪ್ ಇನ್ನೂ ಉದ್ದ ಆಗುತ್ತದೆ.

ಬೆಳಗಿನ_ಜಾವ
ಅಯ್ಯೋ, ಇದು ನಮ್ಮನೆ ಕತೆಯೂ ಹೌದು! ಸೋಲಾರ್ ಹಾಕಿಸಿ ಎರಡು ವರ್ಷ ಆಯಿತು, ಬೆಳಗ್ಗೆ ಒಂದು ಬಕೆಟ್ ತಣ್ಣೀರು ಚೆಲ್ಲಿದ ಮೇಲೇ ಬಿಸಿ ಬರುತ್ತದೆ. ಈಗ ಆ ಬಕೆಟ್ ಹಿಡಿದು ಗಿಡಕ್ಕೆ ಹಾಕುತ್ತೇನೆ. ಪೈಪ್ ಸಣ್ಣದು ಮಾಡಿದರೆ ಆಗುತ್ತಾ?

ಪಾನಾ_ಪಕ್ಕಡ್
15 ಮಿಲಿಮೀಟರ್ ಮಾಡಿದರೆ ನಿಲ್ಲುವ ನೀರು ಹೆಚ್ಚುಕಡಿಮೆ ಅರ್ಧ ಆಗುತ್ತದೆ. ಆದರೆ ಟ್ಯಾಂಕ್ ಎತ್ತರದಲ್ಲಿ ಇಲ್ಲದಿದ್ದರೆ ಧಾರೆ ಸಣ್ಣ ಆಗುತ್ತದೆ ಅಕ್ಕ, ಅದನ್ನು ನೋಡಿಕೊಂಡು ಮಾಡಿಸಿ. ಪೈಪಿಗೆ ಫೋಮ್ ಕವಚ ಹಾಕಿಸುವುದು ಎಲ್ಲರೂ ಮಾಡಬೇಕಾದ ಕೆಲಸ. ಬಿಸಿಲಿಗೆ ಬಿದ್ದ ಕವಚ ಬೇಗ ಪುಡಿಯಾಗುತ್ತದೆ, ಮೇಲೆ ಟೇಪೋ ತಗಡೋ ಸುತ್ತಬೇಕು. ಬಿಸಿನೀರಿಗೆ ಮಾಮೂಲಿ ಪಿವಿಸಿ ಹಾಕಲೇಬಾರದು, ಮೆತ್ತಗಾಗಿ ಜೋತುಬೀಳುತ್ತದೆ. ಬಿಸಿ ತಡೆಯುವ ಸಿಪಿವಿಸಿ ಪೈಪ್ ಹಾಕಿಸಿ.

ಹೊಸಬ_88
ಬೆಳಗ್ಗೆ ನಮ್ಮ ನೀರು ಉಗುರು ಬೆಚ್ಚಗೆ ಬರುತ್ತದೆ. ಸಂಜೆ ಕುದಿಯುವ ಹಾಗಿರುತ್ತದೆ. ಟ್ಯೂಬ್ ಹಾಕಿಸಿ ಅಂತ ಮೊದಲು ಬರೆದವನು ನಾನೇ, ಆದರೆ ಇದು ಯಾಕೆ ಅಂತ ಗೊತ್ತಾಗುತ್ತಿಲ್ಲ.

ತಾರಸಿ_ತಾತ
ನಮ್ಮದರಲ್ಲೂ ಮೊದಲ ವರ್ಷ ಹೀಗೇ ಆಗಿತ್ತು. ಜೋಡಿಸಲು ಬಂದವರು ಟ್ಯಾಂಕನ್ನು ಪ್ಲೇಟಿನ ಮೇಲ್ತುದಿಗೆ ಸರಿಸಮ ಕೂರಿಸಿಬಿಟ್ಟಿದ್ದರು. ಹಗಲು ಬಿಸಿನೀರು ಹಗುರಾಗಿ ತಾನೇ ಮೇಲೇರಿ ಟ್ಯಾಂಕ್ ಸೇರುತ್ತದೆ, ಪಂಪ್ ಬೇಡ. ರಾತ್ರಿ ಪ್ಲೇಟ್ ತಣ್ಣಗಾದಾಗ ಅದೇ ನೀರು ಉಲ್ಟಾ ಸುತ್ತಲು ಶುರು ಮಾಡುತ್ತದೆ. ಹಗಲು ಸೇರಿಸಿದ ಬಿಸಿಯೆಲ್ಲ ರಾತ್ರಿ ಆಕಾಶಕ್ಕೆ ಹೋಯಿತು. ಟ್ಯಾಂಕಿನ ತಳ ಪ್ಲೇಟಿನ ಮೇಲ್ತುದಿಗಿಂತ ಒಂದಡಿ ಎತ್ತರ ಇರಬೇಕು. ನಾನು ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ ಎತ್ತಿಸಿದೆ, ಮರುದಿನದಿಂದಲೇ ಸರಿಹೋಯಿತು.

ಪಾನಾ_ಪಕ್ಕಡ್
ತಾತ ಹೇಳಿದ್ದು ಪ್ಲೇಟಿಗೆ ಪಕ್ಕಾ. ಹೊಸಬರೇ, ನಿಮ್ಮದು ಟ್ಯೂಬ್, ಅದು ಟ್ಯಾಂಕಿಗೇ ಚುಚ್ಚಿಕೊಂಡಿರುತ್ತದೆ. ನಿಮ್ಮಲ್ಲಿ ಎರಡು ನೋಡಿ. ಟ್ಯಾಂಕಿನ ಹೊದಿಕೆ ಒಳಗೆ ನೀರು ಹೊಕ್ಕಿದೆಯಾ? ಒದ್ದೆಯಾದ ಫೋಮ್ ಬಿಸಿ ಹಿಡಿಯುವುದಿಲ್ಲ. ಎರಡನೆಯದು, ಸಂಜೆ ಎಷ್ಟು ಬಿಸಿನೀರು ಬಳಸುತ್ತೀರಿ? ಬಳಸಿದಷ್ಟೂ ತಣ್ಣೀರು ಕೆಳಗಿಂದ ಟ್ಯಾಂಕಿಗೆ ಬರುತ್ತದೆ, ಸೂರ್ಯ ಮುಳುಗಿದ ಮೇಲೆ ಅದನ್ನು ಕಾಯಿಸುವವರು ಯಾರು?

ಹೊಸಬ_88
ಸಂಜೆ ಬಟ್ಟೆ, ಪಾತ್ರೆ, ಇಬ್ಬರ ಸ್ನಾನ ಎಲ್ಲ ಅದರಲ್ಲೇ. ಅರ್ಥ ಆಯಿತು. ಬಟ್ಟೆ ಮಧ್ಯಾಹ್ನವೇ ಒಗೆಯಲು ಹೇಳುತ್ತೇನೆ, ಅಲ್ಲ, ನಾನೇ ಒಗೆಯುತ್ತೇನೆ.

ಲೆಕ್ಕದ_ಟೀಚರ್
ರಾತ್ರಿ ತಣಿಯುವ ಈ ತೊಂದರೆ ತುಂಬಾ ಹಳೆಯದು. ಸ್ವಿಟ್ಜರ್ಲೆಂಡಿನ ವಿಜ್ಞಾನಿ ಸೊಸ್ಯೂರ್ 1767ರಲ್ಲಿ ಶುರುಮಾಡಿದ ಪ್ರಯೋಗಗಳಲ್ಲಿ ಗಾಜು ಮುಚ್ಚಿದ ಪೆಟ್ಟಿಗೆಯನ್ನು ಬಿಸಿಲಿಗಿಟ್ಟು, ಒಳಗೆ ನೀರು ಕುದಿಯುವುದಕ್ಕಿಂತ ಹೆಚ್ಚು ಬಿಸಿ ಹಿಡಿಯಬಹುದು ಅಂತ ತೋರಿಸಿದರು. 1891ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಕ್ಲಾರೆನ್ಸ್ ಕೆಂಪ್ ಅಂತಹ ಪೆಟ್ಟಿಗೆಯೊಳಗೆ ಕಪ್ಪು ಬಳಿದ ನೀರಿನ ಟ್ಯಾಂಕ್ ಇಟ್ಟು ಪೇಟೆಂಟ್ ಪಡೆದರು. ಸಂಜೆ ನೀರು ಬಿಸಿ, ಬೆಳಗ್ಗೆ ತಣ್ಣಗೆ. ಕಾಯಿಸುವ ಭಾಗ ಬೇರೆ, ಕಾಪಾಡುವ ಟ್ಯಾಂಕ್ ಬೇರೆ ಅಂತ ಮಾಡಿದ್ದು 1909ರಲ್ಲಿ ವಿಲಿಯಂ ಬೈಲಿ. ಟ್ಯಾಂಕಿಗೆ ಹೊದಿಕೆ ಹಾಕಿ ಮನೆಯೊಳಗೆ ಇಟ್ಟರು. ಅದಕ್ಕೇ ಅದನ್ನು ‘ಡೇ ಅಂಡ್ ನೈಟ್’ ಅಂತ ಮಾರಿದರು. ತಾತನ ತಾರಸಿ ಮೇಲೆ ಇರುವುದೂ ಅದೇ ಉಪಾಯ.

ಇಸ್ರೇಲಿನಲ್ಲಿ 1980ರಿಂದ ಹೊಸ ಮನೆಗಳಿಗೆ ಸೋಲಾರ್ ನೀರು ಕಡ್ಡಾಯ ಮಾಡಿದರು. ಬಿಸಿಲಿದ್ದ ಕಡೆ ಇದು ಪ್ರಯೋಗದ ಹಂತ ದಾಟಿ ಬಹಳ ಕಾಲ ಆಯಿತು.

ಬೆಳಗಿನ_ಜಾವ
ಟೀಚರ್, ಇಷ್ಟು ಹಿಂದಿನದು ಅಂತ ಗೊತ್ತೇ ಇರಲಿಲ್ಲ! ಮಗಳಿಗೆ ಓದಿ ಹೇಳಿದೆ. ರಟ್ಟಿನ ಪೆಟ್ಟಿಗೆ, ಗಾಜು ಹುಡುಕುತ್ತಿದ್ದಾಳೆ.

ಸೌದೆ_ಸಾಕು
ಮಗು ಇರುವ ಮನೆ ಅಂದಿರಿ, ಅದಕ್ಕೆ ಒಂದು ಎಚ್ಚರಿಕೆ. ನಮ್ಮಲ್ಲಿ ಸೋಲಾರ್ ಹಾಕಿಸಿದ ಹೊಸದರಲ್ಲಿ ಮಧ್ಯಾಹ್ನ ಮೊಮ್ಮಗು ಬಿಸಿನೀರಿನ ನಲ್ಲಿ ತಿರುಗಿಸಿಬಿಟ್ಟಿತು. ಕೈ ಮೇಲೆ ಬೊಬ್ಬೆ ಬಂತು. ಗೀಸರ್ ಆದರೆ ಇಷ್ಟೇ ಬಿಸಿ ಅಂತ ಮಿತಿ ಇರುತ್ತದೆ, ಸೋಲಾರಿಗೆ ಇಲ್ಲ. ಬೇಸಿಗೆಯಲ್ಲಿ ಬಳಕೆ ಕಡಿಮೆ ಇದ್ದರೆ 80 ಡಿಗ್ರಿ ಕೂಡ ದಾಟುತ್ತದೆ.

ಲೆಕ್ಕದ_ಟೀಚರ್
60 ಡಿಗ್ರಿ ನೀರು ದೊಡ್ಡವರ ಚರ್ಮವನ್ನೇ ಐದಾರು ಸೆಕೆಂಡಿನಲ್ಲಿ ಸುಡುತ್ತದೆ. ಮಕ್ಕಳಿಗೆ ಅಷ್ಟೂ ಬೇಡ. ಬಚ್ಚಲಿಗೆ ಹೋಗುವ ಪೈಪಿಗೆ ಮಿಕ್ಸಿಂಗ್ ವಾಲ್ವ್ ಹಾಕಿಸಿ, ತಾನೇ ತಣ್ಣೀರು ಬೆರೆಸಿ ಹೇಳಿದಷ್ಟೇ ಬಿಸಿ ಬಿಡುತ್ತದೆ. ಬಕೆಟಿಗೆ ಯಾವಾಗಲೂ ಮೊದಲು ತಣ್ಣೀರು, ಆಮೇಲೆ ಬಿಸಿ.

ಗಾಳಿಯಿಂದ_ಬಿಸಿ
ಅದಕ್ಕೇ ನಾನು ಹೀಟ್ ಪಂಪನ್ನು 45 ಡಿಗ್ರಿಗೆ ಇಟ್ಟಿದ್ದೇನೆ. ಸುಡುವ ಭಯ ಇಲ್ಲ, ಕರೆಂಟೂ ಉಳಿಯುತ್ತದೆ.

ಲೆಕ್ಕದ_ಟೀಚರ್
ದಯವಿಟ್ಟು ಹಾಗೆ ಇಡಬೇಡಿ. 20ರಿಂದ 45 ಡಿಗ್ರಿ ನಡುವೆ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಷವರಿನ ಸಣ್ಣ ಹನಿಗಳ ಜೊತೆ ಉಸಿರಿಗೆ ಹೋದರೆ ನ್ಯುಮೋನಿಯಾ ಬರಬಹುದು, ವಯಸ್ಸಾದವರಿಗೆ ಅಪಾಯ ಹೆಚ್ಚು. ಟ್ಯಾಂಕಿನಲ್ಲಿ 60 ಇರಲಿ, ನಲ್ಲಿ ಹತ್ತಿರ ಬೆರೆಸಿ ಇಳಿಸಿ.

ಗಾಳಿಯಿಂದ_ಬಿಸಿ
ಇದು ನನಗೆ ಯಾರೂ ಹೇಳಿರಲಿಲ್ಲ. ಈಗಲೇ 60ಕ್ಕೆ ಏರಿಸಿದೆ. ಅಪ್ಪ ಅಮ್ಮ ಇಬ್ಬರೂ ಮನೆಯಲ್ಲಿದ್ದಾರೆ. ಧನ್ಯವಾದ ಮೇಡಂ.

ಹಂಚಿನಮನೆ
ಇಷ್ಟೆಲ್ಲ ಓದಿ ಮನೆಯಲ್ಲಿ ಕೂತು ಮಾತಾಡಿದೆವು. ಗಡಸುತನ ಪರೀಕ್ಷೆ ಮಾಡಿದೆ, 420 ಬಂತು. ಪ್ಲೇಟ್ ಆಸೆ ಬಿಟ್ಟೆ. ಹಂಚಿನ ಮಾಡಿನ ಮೇಲೆ ಭಾರ ಇಡುವ ಹಾಗಿಲ್ಲ. ಆದರೆ ಬಚ್ಚಲಿಗೆ ಮಾತ್ರ ಕಾಂಕ್ರೀಟ್ ತಾರಸಿ ಇದೆ. ಅಲ್ಲೇ ಕೂರಿಸಿದರೆ ಪೈಪ್ 3 ಮೀಟರ್ ಸಾಕು. 150 ಲೀಟರ್ ಟ್ಯೂಬ್ ಅಂದುಕೊಂಡಿದ್ದೇವೆ. ಸರಿ ಇದೆಯಾ?

ಪಾನಾ_ಪಕ್ಕಡ್
ಜಾಗ ಬಹಳ ಚೆನ್ನಾಗಿ ಹುಡುಕಿದಿರಿ. 150 ಲೀಟರ್ ನೀರೇ 150 ಕಿಲೋ, ಟ್ಯಾಂಕು ಸ್ಟ್ಯಾಂಡು ಸೇರಿ 200 ದಾಟುತ್ತದೆ. ತಾರಸಿ ಗಟ್ಟಿ ಇದೆಯಾ ಮೇಸ್ತ್ರಿಗೆ ತೋರಿಸಿ, ಸ್ಟ್ಯಾಂಡಿನ ಕಾಲು ಗೋಡೆ ಮೇಲೆ ಬರಲಿ. ತಣ್ಣೀರಿನ ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿನ ತಲೆಗಿಂತ ಮೇಲೆ ಇರಬೇಕು, ಇಲ್ಲದಿದ್ದರೆ ನೀರು ತುಂಬುವುದೇ ಇಲ್ಲ. ಪ್ರೆಷರ್ ಪಂಪನ್ನು ನೇರ ಜೋಡಿಸಬೇಡಿ, ಟ್ಯಾಂಕ್ ಸೀಳುತ್ತದೆ.

ಗಾಳಿ ಕೊಳವೆ ಬಗ್ಗೆ ಒಂದು ಮಾತು. ಟ್ಯಾಂಕಿನ ಮೇಲೆ ಒಂದು ಪೈಪ್ ತೆರೆದೇ ಇರುತ್ತದೆ, ಆವಿ ಬರುತ್ತದೆ, ಒಮ್ಮೊಮ್ಮೆ ಹನಿ ಬೀಳುತ್ತದೆ. ಒಂದು ಮನೆಯಲ್ಲಿ ನೀರು ದಂಡ ಅಂತ ಅದಕ್ಕೆ ಮುಚ್ಚಳ ಬಿಗಿದಿದ್ದರು. ಮೇಲಿನ ಟ್ಯಾಂಕ್ ಖಾಲಿ ಇದ್ದ ದಿನ ಕೆಳಗೆ ನಲ್ಲಿ ಬಿಟ್ಟಾಗ ಒಳಗೆ ಗಾಳಿ ಹೋಗಲು ದಾರಿ ಇಲ್ಲದೆ ಸ್ಟೀಲ್ ಟ್ಯಾಂಕ್ ಒಳಕ್ಕೆ ಮುದುಡಿಹೋಯಿತು. ನಾನು ಹೋಗಿ ನೋಡುವಾಗ ಹಿಂಡಿದ ಬಟ್ಟೆ ಹಾಗಿತ್ತು. ಆ ಕೊಳವೆ ಯಾವತ್ತೂ ಮುಚ್ಚಬೇಡಿ.

ಲೆಕ್ಕದ_ಟೀಚರ್
150 ಧಾರಾಳ ಸಾಕು. 125 ಲೀಟರ್ ಸ್ನಾನದ ನೀರಿಗೆ 60 ಡಿಗ್ರಿಯದು 56 ಲೀಟರ್ ಸಾಕಾಗುತ್ತದೆ, ಮಿಕ್ಕಿದ್ದು ತಣ್ಣೀರು ಬೆರಸುತ್ತೀರಿ. ಪಾತ್ರೆ, ಬಟ್ಟೆ, ಅರೆಮೋಡದ ದಿನ ಎಲ್ಲಕ್ಕೂ ಉಳಿಯುತ್ತದೆ. ಬೇಕಿಲ್ಲದೆ 300 ಹಾಕಿಸಿದರೆ ಬಳಸದ ನೀರು ವಿಪರೀತ ಕಾದು ಸುಣ್ಣವೂ ಜಾಸ್ತಿ ಕಟ್ಟುತ್ತದೆ.

ಭೂಮಧ್ಯರೇಖೆ ಕಡೆಗೆ ಮುಖ ಇರಲಿ, ಅಂದರೆ ಅದರ ಉತ್ತರಕ್ಕೆ ಇರುವವರು ದಕ್ಷಿಣಕ್ಕೆ. ಚಳಿಗಾಲದಲ್ಲಿ ಸೂರ್ಯ ಕೆಳಗೆ ಓಡಾಡುತ್ತಾನೆ, ಬಿಸಿನೀರು ಹೆಚ್ಚು ಬೇಕಾಗುವುದೂ ಆಗಲೇ. ಅದಕ್ಕೆ ಇಳಿಜಾರನ್ನು ನಿಮ್ಮ ಅಕ್ಷಾಂಶಕ್ಕಿಂತ ಒಂದು ಹತ್ತು ಡಿಗ್ರಿ ಜಾಸ್ತಿ ಇಡಿ. ಬೇಸಿಗೆಯಲ್ಲಿ ಬೀಳದ ಮರದ ನೆರಳು ಚಳಿಗಾಲದಲ್ಲಿ ಬೀಳಬಹುದು, ನೋಡಿಕೊಳ್ಳಿ.

ತಾರಸಿ_ತಾತ
ಹಳೆ ಗೀಸರ್ ಎಸೆಯಬೇಡಿ. ಮೋಡದ ವಾರಕ್ಕೆ ಬೇಕಾಗುತ್ತದೆ.

ಪಾನಾ_ಪಕ್ಕಡ್
ಹೌದು. ಅದನ್ನು ಬಚ್ಚಲಿಗೆ ಸಾಗಿಸಿ. ಸೋಲಾರ್ ನೀರು ಬೇಕಾದಾಗ ಗೀಸರ್ ಮೂಲಕ, ಬೇಡವಾದಾಗ ನೇರ ನಲ್ಲಿಗೆ ಬರುವ ಹಾಗೆ ವಾಲ್ವ್ ಹಾಕುತ್ತೇವೆ. ಅರೆಮೋಡದ ದಿನ ಸೋಲಾರ್ 38 ಡಿಗ್ರಿ ಕೊಟ್ಟರೂ ಗೀಸರಿಗೆ ಮಿಕ್ಕಿದ್ದಷ್ಟೇ ಕೆಲಸ.

ಸೋಲಾರ್ ಟ್ಯಾಂಕಿನೊಳಗೇ ಕರೆಂಟಿನಿಂದ ಕಾಯಿಸುವ ಕಾಯಿಲ್ ಹಾಕಿಸಿದರೆ ಬೆಳಗ್ಗೆ ಆನ್ ಮಾಡಿ ಮರೆಯಬೇಡಿ. ಬಿಸಿಲು ಬರುವ ಹೊತ್ತಿಗೆ ನೀರು ಕಾದೇ ಇರುತ್ತದೆ, ಸೂರ್ಯನಿಗೆ ಕೆಲಸವೇ ಉಳಿಯುವುದಿಲ್ಲ. ‘ಸೋಲಾರ್ ಹಾಕಿಸಿದರೂ ಬಿಲ್ ಇಳಿಯಲಿಲ್ಲ’ ಅನ್ನುವ ಎಷ್ಟೋ ಮನೆಗಳಲ್ಲಿ ನಾನು ಕಂಡದ್ದು ಇದೇ.

ಶೂನ್ಯ_ಬಿಲ್
ನಾನು ಇನ್ನೂ ಪ್ಯಾನೆಲ್ ಪಕ್ಷವೇ. ಆದರೆ ಇವರ ಮನೆಗೆ ಇದು ಸರಿಯಾದ ತೀರ್ಮಾನ, ಅದನ್ನು ಹೇಳಲೇಬೇಕು.

ಹಂಚಿನಮನೆ
ಎಲ್ಲರಿಗೂ ಮನಸಾರೆ ಧನ್ಯವಾದ. ಮೇಸ್ತ್ರಿ ಬಂದು ನೋಡಿ ತಾರಸಿ ಗಟ್ಟಿ ಇದೆ ಅಂದರು. ಮುಂದಿನ ವಾರ ಜೋಡಣೆ. ಅಮ್ಮ ದಿನಕ್ಕೆ ಎರಡು ಸಲ ಕೇಳುತ್ತಿದ್ದಾರೆ, ಯಾವಾಗ ಬರುತ್ತದೆ ಅಂತ. ಒಂದೇ ಪ್ರಶ್ನೆ ಉಳಿದಿದೆ. ಜೋಡಿಸುವವರು ಮಧ್ಯಾಹ್ನ 12ಕ್ಕೆ ಬಂದು ಆಗಲೇ ನೀರು ಬಿಟ್ಟು ತೋರಿಸುತ್ತೇವೆ ಅಂತಾರೆ. ಆಗಬಹುದಾ?

ಪಾನಾ_ಪಕ್ಕಡ್
ಬೇಡವೇ ಬೇಡ! ಖಾಲಿ ಟ್ಯೂಬ್ ಬಿಸಿಲಿಗೆ ಬಿದ್ದರೆ ಒಳಗೆ 200 ಡಿಗ್ರಿವರೆಗೂ ಕಾಯುತ್ತದೆ. ಅದಕ್ಕೆ ತಣ್ಣೀರು ಬಿಟ್ಟರೆ ಗಾಜು ಪಟ್ ಅಂತ ಸೀಳುತ್ತದೆ, ಪಕ್ಕದಲ್ಲಿ ನಿಂತವರ ಮುಖಕ್ಕೂ ಅಪಾಯ. ಮಧ್ಯಾಹ್ನವೇ ಜೋಡಿಸುವುದಾದರೆ ಟ್ಯೂಬುಗಳ ಮೇಲೆ ದಪ್ಪ ಬಟ್ಟೆ ಮುಚ್ಚಿಡಲಿ. ನೀರು ಮಾತ್ರ ಮರುದಿನ ಬೆಳಗ್ಗೆ, ಬಿಸಿಲು ಏರುವ ಮುಂಚೆ ಬಿಡಿ. ತುಂಬಿ ಗಾಳಿ ಕೊಳವೆಯಲ್ಲಿ ನೀರು ಕಂಡ ಮೇಲೆ ಬಟ್ಟೆ ತೆಗೆಯಿರಿ. ಸಂಜೆ ಐದಕ್ಕೆ ಅಮ್ಮನ ಕೈಯಲ್ಲೇ ನಲ್ಲಿ ತಿರುಗಿಸಿಸಿ, ತಣ್ಣೀರು ಬಕೆಟಿಗೆ ಮೊದಲೇ ಹಾಕಿಟ್ಟಿರಿ.